ಹಲ್ಲಿಯ ಗುರುಪಟ್ಟ

ಹೃದಯದ ಡಾಕ್ಟರ್ ಇಂದುಧರರು ಮೂವತ್ತು ವರ್ಷ ರೋಗಿಗಳ ಎದೆಬಡಿತ ಕೇಳಿ, ಈಗ ಆರು ವರ್ಷದಿಂದ ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲಿ ಹೃದಯದ ಚೂರೊಂದನ್ನು ಬೆಳೆಸುತ್ತಿದ್ದರು. ಗೋಡೆಯ ಮೇಲಿನ ಹಲ್ಲಿಗೆ ಅದನ್ನು ಕಂಡು ನಗು ತಡೆಯಲಾಗಲಿಲ್ಲ.

"ಆರು ವರ್ಷಕ್ಕೆ ಉಗುರಿನಷ್ಟೇ! ನಾನು ತಿಂಗಳೊಪ್ಪತ್ತಿನಲ್ಲಿ ಇಡೀ ಬಾಲ ಬೆಳೆಸುತ್ತೇನೆ. ನಿಮ್ಮ ಡಾಕ್ಟರು ನನ್ನನ್ನು ಗುರು ಮಾಡಿಕೊಳ್ಳಲಿ" ಎಂದಿತು ಚೂರಿಗೆ.

"ಮುರಿದ ಬಾಲಕ್ಕೆ ಬೆಳೆಯುವ ತನಕ ರಜೆ ಉಂಟು ಸ್ವಾಮಿ. ನನಗೆ ಬೆಳೆಯುವಾಗಲೂ ಬಿಡುವಿಲ್ಲ" ಎಂದಿತು ಚೂರು, ಬಡಿತ ನಿಲ್ಲಿಸದೆ.

ಅಷ್ಟರಲ್ಲಿ ಬಾಗಿಲು ದಡಾರೆಂದಿತು. ಹಲ್ಲಿ ಬೆಚ್ಚಿಬಿದ್ದು ಬಾಲ ಕಳಚಿ, ಟ್ಯೂಬ್‌ಲೈಟಿನ ಹಿಂದೆ ಅಡಗಿತು. ಒಳಬಂದ ಡಾಕ್ಟರು ಮೇಜಿನ ಮೇಲೆ ವಿಲವಿಲ ಒದ್ದಾಡುತ್ತಿದ್ದ ಬಾಲ ಕಂಡು ಹೌಹಾರಿ ಎದೆ ಹಿಡಿದುಕೊಂಡರು.

"ನೋಡಿದಿರಾ ಗುರುಗಳೇ?" ಎಂದಿತು ಚೂರು. "ಹೆದರಿದರೆ ನಿಮ್ಮ ಬಾಲ ಕೆಲಸ ಬಿಟ್ಟು ಹೋಗುತ್ತದೆ. ಅವರ ಎದೆಯೊಳಗಿನ ನಮ್ಮಣ್ಣನಿಗೆ ಆಗಲೇ ದುಪ್ಪಟ್ಟು ಕೆಲಸ."