ಪಾರಿವಾಳಗಳ ಕೆಳಗೆ ಮಲಗಿದ ದೊರೆ

"ಕೇಳ್ರಪ್ಪೋ ಕೇಳಿ! ದೊರೆಮಗಳು ಪದುಮಲೆಯ ಮೂರು ಒಗಟು ಬಿಡಿಸಿದವನಿಗೆ ಅವಳನ್ನು ಕೊಟ್ಟು ಮದುವೆ, ಜೊತೆಗೆ ಅರ್ಧ ರಾಜ್ಯ. ತಪ್ಪಿದವನಿಗೆ ತಲೆದಂಡ!"

ಡಂಗುರ ಕೇಳಿ ಪದುಮಲೆ ಹಲ್ಲು ಕಡಿದಳು. ಅವಳಿಗೆ ಬೇಕಿದ್ದದ್ದು ಗಂಡನಲ್ಲ, ಅಪ್ಪನ ಜೀವ. ದೊರೆ ಕೆಮ್ಮಿ ಕೆಮ್ಮಿ ಸವೆದುಹೋಗಿದ್ದ. ಅವನು ಮಲಗುವ ಕೋಣೆಯ ತೊಲೆಗಳ ಮೇಲೆ ಪಾರಿವಾಳಗಳು. ಅವುಗಳ ಹಿಕ್ಕೆ ಗುಡಿಸಿದರೆ ವಂಶದ ಭಾಗ್ಯವೇ ಗುಡಿಸಿಹೋಗುತ್ತದೆ ಎಂಬುದು ಅರಮನೆಯ ಕಟ್ಟಳೆ. ಬೇಟೆಗೆ ಹೋಗಿ ಬಯಲಲ್ಲಿ ಮಲಗಿದಾಗ ಕೆಮ್ಮು ಇಳಿಯುತ್ತಿದ್ದುದನ್ನು ಮಗಳು ಕಂಡಿದ್ದಳು. "ಕೋಣೆ ಬದಲಿಸಿ ಅಪ್ಪಾ" ಎಂದು ಹೇಳಿ ಹೇಳಿ ಬಾಯಿ ನೋವು ಬಂತೇ ಹೊರತು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಹೆಣ್ಣುಹುಡುಗಿಯ ಮಾತಲ್ಲವೇ! ಅದಕ್ಕೇ ಮಾತನ್ನು ಒಗಟು ಮಾಡಿ ಗಂಡಸರ ಬಾಯಲ್ಲಿ ಹೇಳಿಸಲು ಹೊರಟಳು. ತಲೆದಂಡ ಸೇರಿಸಿದ್ದು ಅಪ್ಪ.

"ಬಿತ್ತಿದವರಿಲ್ಲ, ನೀರೆರೆದವರಿಲ್ಲ. ಕಣ್ಣಿಗೆ ಕಾಣದ ಬೀಜ ಉಸಿರಿನ ಜೊತೆ ಹೊಕ್ಕು ಎದೆಯಲ್ಲಿ ಬೆಳೆಯುತ್ತದೆ. ಏನದು?"

"ಪ್ರೇಮ," ಎಂದ ಒಬ್ಬ ರಾಜಕುಮಾರ. ಎರಡನೆಯವನೂ ಪ್ರೇಮವೆಂದ. ಮೂರನೆಯವನು ಅದನ್ನೇ ರಾಗವಾಗಿ ಹಾಡಿದ. ತಲೆದಂಡದ ದಿನ ಗೊತ್ತಾಗುವವರೆಗೆ ಮೂವರನ್ನೂ ಸೆರೆಗೆ ತಳ್ಳಿದರು. ಪದುಮಲೆ ಹಣೆ ಚಚ್ಚಿಕೊಂಡಳು. ಇಂಥ ತಲೆ ಇದ್ದರೆಷ್ಟು, ಹೋದರೆಷ್ಟು.

ಕೊನೆಗೆ ಹುಲ್ಲು ಮಾರುವ ದುಗ್ಗ ಬಂದ. "ಬೂಷ್ಟು ತಾಯಿ, ಬೂಷ್ಟಿನ ಧೂಳು. ಕೊಳೆತ ಹುಲ್ಲಲ್ಲೂ ಬೆಳೆಯುತ್ತೆ, ಹಕ್ಕಿ ಹಿಕ್ಕೆಯಲ್ಲೂ ಬೆಳೆಯುತ್ತೆ," ಅಂದ.

ಪದುಮಲೆ ನೆಟ್ಟಗೆ ಕೂತಳು. "ಮನೆಮಂದಿಯೆಲ್ಲ ಅದೇ ಗಾಳಿ ಉಸಿರಾಡಿದರೂ ಒಬ್ಬನೇ ಯಾಕೆ ಹಾಸಿಗೆ ಹಿಡಿಯುತ್ತಾನೆ?"

"ಬೇಲಿ ಮುರಿದ ಹೊಲಕ್ಕೇ ತಾನೆ ದನ ನುಗ್ಗೋದು? ಸಿಹಿಮೂತ್ರ ಇದ್ದವರಿಗೆ, ಹಿಂದೆ ಕ್ಷಯ ಬಂದು ಎದೆ ಕೆಟ್ಟವರಿಗೆ ಬೇಲಿ ಮುರಿದಿರುತ್ತೆ."

ದೊರೆಗೆ ಎರಡೂ ಇದ್ದವು. ಅವನು ಕೆಮ್ಮು ತಡೆದುಕೊಂಡು ಕೇಳುತ್ತಿದ್ದ.

ಪದುಮಲೆ ಮೂರನೆಯದನ್ನು ಕೇಳಿದಳು: "ಗುಡಿಸಿದರೂ ಕೊಲ್ಲುತ್ತದೆ, ಬಿಟ್ಟರೂ ಕೊಲ್ಲುತ್ತದೆ. ಏನು ಮಾಡಬೇಕು?"

"ರೋಗಿಯನ್ನು ಮೊದಲು ಆಚೆ ಕಳಿಸಬೇಕು. ಆಮೇಲೆ ಮೂಗು ಬಾಯಿಗೆ ಬಟ್ಟೆ ಕಟ್ಟಿ, ಧೂಳೇಳದ ಹಾಗೆ ನೀರಲ್ಲಿ ನೆನೆಸಿ ತೆಗೀಬೇಕು."

"ಇದನ್ನೆಲ್ಲ ಹೇಳಿಕೊಟ್ಟ ಪಂಡಿತ ಯಾರೋ?" ಎಂದ ದೊರೆ.

"ನಮ್ಮಕ್ಕ, ಬುದ್ಧಿ. ಬೂಷ್ಟು ಹಿಡಿದ ಹುಲ್ಲಿನ ಪಕ್ಕ ಮಲಗಬೇಡ ಅಂತ ಅಪ್ಪನ ಕಾಲು ಹಿಡಿದಳು. ನಾವೆಲ್ಲ ನಕ್ಕೆವು. ಅಪ್ಪ ಉಳೀಲಿಲ್ಲ."

ದೊರೆ ಮಗಳ ಮುಖ ನೋಡಿದ. "ನೀನು ಹೇಳುತ್ತಿದ್ದುದೂ ಇದೇ ಅಲ್ಲವೇನಮ್ಮ?"

"ಸದ್ಯ, ಕೇಳಿಸಿತಲ್ಲ," ಎಂದಳು. ಅವಳ ಕಣ್ಣು ತುಂಬಿತ್ತು.

ಅಂದೇ ದೊರೆಯ ಹಾಸಿಗೆ ಆಚೆ ಬಂತು. ಆ ಮೂವರು ರಾಜಕುಮಾರರು ಸೆರೆಯಿಂದ ಬಿಡುಗಡೆಯಾಗಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು ಹಿಕ್ಕೆ ನೆನೆಸಿ ಬಳಿದು ತೆಗೆದರು. ವೈದ್ಯರ ಔಷಧ ಈಗ ಮೈಗೆ ಹತ್ತಿ ಕೆಮ್ಮು ನಿಧಾನಕ್ಕೆ ಇಳಿಯಿತು. ದುಗ್ಗನಿಗೆ ಅರ್ಧ ರಾಜ್ಯ ಸಿಕ್ಕಿತು. ಮದುವೆಗೆ ಮಾತ್ರ ಪದುಮಲೆ ಒಂದು ಷರತ್ತು ಹಾಕಿದಳು: ಅವನ ಅಕ್ಕನೂ ಅರಮನೆಗೆ ಬರಬೇಕು. ಹೇಳುವವರು ಇಬ್ಬರಾದರೆ ಒಬ್ಬರ ಮಾತಾದರೂ ಈ ಗಂಡಸರ ಕಿವಿಗೆ ಬಿದ್ದೀತು.