ಎದುರು ದಡವನ್ನು ನೋಡದ ಅಂಬಿಗ

"ಗುರುಗಳೇ, ಮನುಷ್ಯನಾದವನು ತನಗೆಂದು ಒಂದು ಗುರಿ ಇಟ್ಟುಕೊಳ್ಳಲೇಬೇಕೇ?" ಎಂದು ಮರುಳಯ್ಯ ಕೇಳಿದ.

ಸಂಜೆಯ ಹೊತ್ತು. ಗುರುಗಳು ಊರಿಂದೂರಿಗೆ ನಡೆಯುವವರು. ಮರುಳಯ್ಯ ಅವರ ಹಿಂದೆ ಹಿಂದೆ ನಡೆಯುವವನು. ಆ ದಿನದ ನಡಿಗೆ ಮುಗಿದಿತ್ತು. ಊರ ಹೊರಗಿನ ಮಂಟಪದಲ್ಲಿ ಗಂಟು ಇಳಿಸಿದ್ದರು. ಮರುಳಯ್ಯ ಗುರುಗಳ ಕಾಲಿಗೆ ನೀರು ಕೊಟ್ಟಾಗಿತ್ತು. ಸಾಮಾನ್ಯವಾಗಿ ಆ ಹೊತ್ತಿಗೆ ಅವನು ಕೇಳುತ್ತಿದ್ದ ಪ್ರಶ್ನೆಯೇ ಬೇರೆ. "ನಾಳೆ ಎಲ್ಲಿಗೆ ಹೊರಡೋಣ, ಗುರುಗಳೇ?" ಎಂದು ಕೇಳುತ್ತಿದ್ದ. ಗುರುಗಳು ಒಂದು ಊರಿನ ಹೆಸರು ಹೇಳುತ್ತಿದ್ದರು. ಅವನು ಚಾಪೆ ಹಾಸುತ್ತಿದ್ದ. ವರ್ಷಗಳಿಂದ ನಡೆದು ಬಂದ ಕ್ರಮ ಅದು. ಈ ದಿನ ಅದು ತಪ್ಪಿತು.

"ಯಾಕೆ ಕೇಳಿದೆ?" ಎಂದರು ಗುರುಗಳು.

"ನನ್ನ ಜೊತೆಗೆ ಬಂದವರೆಲ್ಲ ಏನಾದರೊಂದು ಆಸೆ ಇಟ್ಟುಕೊಂಡೇ ಬಂದಿದ್ದರು. ಒಬ್ಬನಿಗೆ ಶಾಲೆ ತೆರೆಯಬೇಕಿತ್ತು. ಹೋಗಿ ತೆರೆದ. ಇನ್ನೊಬ್ಬನಿಗೆ ಮದ್ದು ಕಲಿಯಬೇಕಿತ್ತು. ಅವನೂ ಹೋದ. ನನಗೆ ಅಂಥದ್ದೇನೂ ಇಲ್ಲ. ನೀವು ನಡೆದ ಕಡೆ ನಡೆಯುತ್ತೇನೆ, ನಿಂತ ಕಡೆ ನಿಲ್ಲುತ್ತೇನೆ. ಇಷ್ಟೇ ಸಾಲದೇ?"

ಪ್ರಶ್ನೆ ಕೇಳಿದ ರೀತಿಯಲ್ಲಿ ಸ್ವಲ್ಪ ಹೊಗಳಿಕೆಯ ನಿರೀಕ್ಷೆಯೂ ಇತ್ತೆನ್ನಿ. ಎಲ್ಲರೂ ಹೋದರು, ತಾನೊಬ್ಬ ಉಳಿದೆ ಎಂಬುದು ಅವನ ಮನಸ್ಸಿನಲ್ಲಿದ್ದ ಸಣ್ಣ ಹೆಮ್ಮೆ. ಗುರುಗಳು ಹೊಗಳಲಿಲ್ಲ, ಬೈಯಲೂ ಇಲ್ಲ. "ಕೂತುಕೋ" ಎಂದರು. ಅವನು ಕೂತ. ಅವರು ಹೇಳತೊಡಗಿದರು.

*

ಒಂದು ಹೊಳೆ. ಹೊಳೆ ದಾಟಲು ಒಂದು ಕಡವು. ಕಡವಿನಲ್ಲಿ ಅಂಬಿಗರ ಒಂದು ಮನೆ. ಆ ಮನೆಯಲ್ಲಿ ಅಣ್ಣ ತಮ್ಮ ಇಬ್ಬರು. ಜನರನ್ನು ಹರಿಗೋಲಿನಲ್ಲಿ ಕೂರಿಸಿಕೊಂಡು ಆಚೆ ದಡಕ್ಕೆ ಬಿಡುವುದು ಅವರ ಕಸುಬು.

ಹರಿಗೋಲನ್ನು ನೀನು ನೋಡಿದ್ದೀಯ. ದೊಡ್ಡದೊಂದು ಬುಟ್ಟಿ, ಕೆಳಗೆ ಚರ್ಮ. ದೋಣಿಗಾದರೆ ಮೂತಿ ಇದೆ, ಬಾಲ ಇದೆ. ದೋಣಿ ಎತ್ತ ಹೊರಟಿದೆ ಎಂದು ಕಂಡವರಿಗೆಲ್ಲ ತಿಳಿಯುತ್ತದೆ. ಹರಿಗೋಲು ದುಂಡಗಿರುತ್ತದೆ. ಅದಕ್ಕೆ ಮುಂದೂ ಇಲ್ಲ, ಹಿಂದೂ ಇಲ್ಲ. ಅಂಬಿಗ ಎತ್ತ ನೋಡುತ್ತಾನೋ ಅದೇ ಅದರ ಮುಂದು. ಅವನು ಕಣ್ಣು ತಪ್ಪಿಸಿದರೆ ಅದು ಇದ್ದಲ್ಲೇ ತಿರುಗುತ್ತದೆ. ಎಷ್ಟು ಜೋರಾಗಿ ಹುಟ್ಟು ಹಾಕಿದರೆ ಅಷ್ಟು ಜೋರಾಗಿ ತಿರುಗುತ್ತದೆ.

ಅದಕ್ಕಾಗಿ ಆ ಅಂಬಿಗರಲ್ಲಿ ಒಂದು ಪದ್ಧತಿ ಇತ್ತು. ಮನೆಯ ಹುಡುಗ ಬೆಳೆದು ಮೊದಲ ಸಲ ಹುಟ್ಟು ಹಿಡಿಯುವ ದಿನ ಅವನನ್ನು ಬೆಳಿಗ್ಗೆಯೇ ದಡದಲ್ಲಿ ಕೂರಿಸುತ್ತಿದ್ದರು. ಊಟವಿಲ್ಲ, ಮಾತಿಲ್ಲ. ಅವನು ಎದುರು ದಡವನ್ನು ನೋಡಬೇಕು. ನೋಡಿ ನೋಡಿ, ಅಲ್ಲಿ ಅಲುಗಾಡದ ಒಂದು ವಸ್ತುವನ್ನು ತನ್ನದೆಂದು ಹಿಡಿಯಬೇಕು. ಮರವಾಗಲಿ, ಬಂಡೆಯಾಗಲಿ, ಬಂಡೆಯ ಮೇಲಿನ ಬಿರುಕಾಗಲಿ. ಅದಕ್ಕೆ ಗುರುತು ಎಂದು ಹೆಸರು. ಆಮೇಲೆ ಒಬ್ಬನೇ ಹೊಳೆ ದಾಟಿ, ಅದನ್ನು ಮುಟ್ಟಿ, ಹಿಂದಿರುಗಿ ಬಂದು ಉಣ್ಣಬೇಕು. ಒಬ್ಬರು ಹಿಡಿದ ಗುರುತನ್ನು ಇನ್ನೊಬ್ಬರು ಕೇಳುವುದಿಲ್ಲ.

"ಯಾಕೆ ಕೇಳಬಾರದು?" ಎಂದು ಮರುಳಯ್ಯ ನಡುವೆ ಬಾಯಿ ಹಾಕಿದ. "ಹೇಳಿದರೆ ಗಂಟೇನು ಹೋಗುತ್ತದೆ?"

ಏನೂ ಹೋಗುವುದಿಲ್ಲ. ಉಪಯೋಗವಿಲ್ಲ, ಅಷ್ಟೆ. ಒಬ್ಬನ ತೋಳು ಗಟ್ಟಿ, ಇನ್ನೊಬ್ಬನದು ಮೆತ್ತಗೆ. ಒಬ್ಬನದು ಬಲಗೈ, ಇನ್ನೊಬ್ಬನದು ಎಡಗೈ. ಒಂದೇ ಮರವನ್ನು ನೋಡಿಕೊಂಡು ಹೊರಟ ಇಬ್ಬರು ಎರಡು ಜಾಗದಲ್ಲಿ ದಡ ಸೇರುತ್ತಾರೆ. ತನ್ನ ಕೈಗೆ ತಕ್ಕ ಗುರುತನ್ನು ತಾನೇ ಹುಡುಕಿಕೊಳ್ಳಬೇಕು.

ಅಣ್ಣ ತನ್ನ ದಿನ ಬಂದಾಗ ಮಧ್ಯಾಹ್ನ ಇಳಿಯುವವರೆಗೂ ಕೂತಿದ್ದ. ಗುರುತು ಹಿಡಿದ, ದಾಟಿದ, ಬಂದ.

ತಮ್ಮನ ದಿನವೂ ಬಂತು. ಅವನ ತೋಳು ಅಣ್ಣನ ತೋಳಿಗಿಂತ ಗಟ್ಟಿ. ಎಡಗೈ ಅವನದು. ಬೆಳಿಗ್ಗೆ ಕೂತ. ಸ್ವಲ್ಪ ಹೊತ್ತಿಗೆ ಮನೆಯಿಂದ ಒಗ್ಗರಣೆಯ ವಾಸನೆ ಬಂತು. ಎದ್ದುಬಿಟ್ಟ.

"ಹಿಡಿದೆಯೇನೋ?" ಎಂದು ಮನೆಯ ತಾತ ಕೇಳಿದ.

"ಹಿಡಿದೆ, ತಾತ. ಅಣ್ಣನ ಬೆನ್ನೇ ನನ್ನ ಗುರುತು. ಅವನ ಹರಿಗೋಲು ಮುಂದೆ, ನನ್ನದು ಹಿಂದೆ."

"ಬೆನ್ನು ಅಲುಗಾಡುತ್ತದಲ್ಲೋ ಮಗನೇ. ಅಲುಗಾಡದ್ದನ್ನು ಹಿಡಿ."

"ನನ್ನಣ್ಣ ನನ್ನ ಬಿಟ್ಟು ಎಲ್ಲಿಗೆ ಹೋಗ್ತಾನೆ, ತಾತ?"

ಎಲ್ಲರೂ ನಕ್ಕರು. ಎಂಥ ತಮ್ಮ ಎಂದು ನೆರೆಯವರು ಮೆಚ್ಚಿದರು. ಅಣ್ಣನಿಗೂ ಒಳಗೊಳಗೆ ಸಂತೋಷವೇ ಆಯಿತು. ತಾತ ಇನ್ನೇನೋ ಹೇಳಲು ಹೊರಟ. ಅಷ್ಟರಲ್ಲಿ ಎಲೆ ಹಾಕಿದರು. ಮಾತು ಅಲ್ಲಿಗೆ ನಿಂತಿತು.

ಮುಂದೆ ವರ್ಷಗಳು ಹಾಗೇ ನಡೆದವು. ತಾತ ತೀರಿಕೊಂಡ. ಅಣ್ಣನಿಗೆ ಮದುವೆಯಾಯಿತು. ಕಡವಿನಲ್ಲಿ ಎರಡೇ ಹರಿಗೋಲು. ಮುಂದಿನದು ಅಣ್ಣನದು, ಹಿಂದಿನದು ತಮ್ಮನದು. ಅಣ್ಣ ವಾಲಿದ ಕಡೆ ತಮ್ಮ ವಾಲುತ್ತಿದ್ದ. ಅಣ್ಣ ತಡೆದರೆ ತಡೆಯುತ್ತಿದ್ದ. ಒಮ್ಮೆಯೂ ದಡ ತಪ್ಪಿದ್ದಿಲ್ಲ. ಜನ ಅವನ ಹರಿಗೋಲನ್ನೇ ಹುಡುಕಿಕೊಂಡು ಹತ್ತುತ್ತಿದ್ದರು, ಏಕೆಂದರೆ ಅವನ ಮಾತು ಚೆನ್ನಾಗಿತ್ತು.

ದಿನವೂ ದಾಟುವ ಒಬ್ಬ ಬಳೆಗಾರ್ತಿ ಅವನನ್ನು ಕೆಣಕುತ್ತಿದ್ದಳು. "ಏನಪ್ಪಾ, ನೀನು ಅಂಬಿಗನೋ, ಅಣ್ಣನ ಬಾಲವೋ?"

"ಬಾಲವೇ ಅಕ್ಕಾ. ತಲೆಯಾದರೆ ಯೋಚನೆ ಮಾಡಬೇಕು. ಬಾಲಕ್ಕೆ ನೊಣ ಓಡಿಸುವುದೊಂದೇ ಕೆಲಸ."

ಹರಿಗೋಲಿನಲ್ಲಿದ್ದವರೆಲ್ಲ ನಗುತ್ತಿದ್ದರು. ಅವನೂ ನಗುತ್ತಿದ್ದ. ಅವನಿಗೆ ಅದರಲ್ಲಿ ಕೊರತೆಯೇನೂ ಕಾಣುತ್ತಿರಲಿಲ್ಲ. ಕಾಣಲು ಕಾರಣವೂ ಇರಲಿಲ್ಲ.

ಒಂದು ಮಳೆಗಾಲ ಹೊಳೆ ತುಂಬಿತು. ಹರಿಗೋಲುಗಳನ್ನು ದಡದಲ್ಲಿ ಬೋರಲು ಹಾಕಿದ್ದರು. ನೀರು ಸ್ವಲ್ಪ ಇಳಿದ ದಿನ ಅಣ್ಣ ತನ್ನ ಹರಿಗೋಲನ್ನು ಎತ್ತಲು ಅಡಿಗೆ ಕೈ ಹಾಕಿದ. ಅಡಿಯಲ್ಲಿ ಬೆಚ್ಚಗೆ ಮಲಗಿದ್ದ ಹಾವು ಅವನ ಬಲಗೈಗೆ ಕಚ್ಚಿತು.

ವೈದ್ಯನ ಮನೆ ಆಚೆ ದಡದಲ್ಲಿ. ತಮ್ಮ ಅಣ್ಣನನ್ನು ಎತ್ತಿ ತನ್ನ ಹರಿಗೋಲಿನಲ್ಲಿ ಮಲಗಿಸಿದ. ಅತ್ತಿಗೆ ಗಂಡನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ತಮ್ಮ ಹರಿಗೋಲನ್ನು ದಡದಂಚಿನ ನೀರಿನಲ್ಲೇ ಮೇಲಕ್ಕೆ ಎಳೆದುಕೊಂಡು ಹೋಗಿ ಹರಿವಿಗೆ ಬಿಟ್ಟ. ತುಂಬಿದ ಹೊಳೆಯಲ್ಲಿ ಹಾಗೇ ಬಿಡಬೇಕು. ಅಷ್ಟನ್ನೂ ಸರಿಯಾಗಿಯೇ ಮಾಡಿದ. ಹುಟ್ಟು ಹಾಕಿದ. ತಲೆ ಎತ್ತಿ ಮುಂದೆ ನೋಡಿದ.

ಮುಂದೆ ಯಾವ ಹರಿಗೋಲೂ ಇರಲಿಲ್ಲ. ಅದನ್ನು ನಡೆಸುವವನು ಅವನ ಕಾಲ ಬಳಿ ಮಲಗಿದ್ದ.

ಅವನು ನೀರನ್ನು ನೋಡಿದ. ನೀರು ಓಡುತ್ತಿತ್ತು. ನೊರೆಯನ್ನು ನೋಡಿದ. ನೊರೆಯೂ ಓಡುತ್ತಿತ್ತು. ತೇಲಿಬಂದ ಒಂದು ಕೊಂಬೆಯ ಮೇಲೆ ಕಣ್ಣಿಟ್ಟ. ಕೊಂಬೆ ಹೋದ ಕಡೆ ಹರಿಗೋಲೂ ಹೊರಟಿತು. ಗಾಬರಿಯಾಗಿ ಇನ್ನೂ ಬಲವಾಗಿ ಹುಟ್ಟು ಹಾಕಿದ. ಹರಿಗೋಲು ತಿರುಗತೊಡಗಿತು.

"ಯಾಕೋ ಸುತ್ತುತ್ತಾ ಇದೀಯ?" ಎಂದು ಅತ್ತಿಗೆ ಕೂಗಿದಳು. "ಎಲ್ಲಿ ನೋಡ್ತಾ ಇದೀಯ ನೀನು?"

"ನೀರು ನೋಡ್ತಾ ಇದೀನಿ ಅತ್ತಿಗೆ."

"ನಾವು ಹೋಗಬೇಕಾದ್ದು ನೀರಿಗಲ್ಲ ಮಾರಾಯ!"

ತಮ್ಮ ಅಣ್ಣನ ಕಡೆಗೆ ಬಾಗಿದ. "ಅಣ್ಣಾ, ನಿನ್ನ ಗುರುತು ಯಾವುದು? ಬೇಗ ಹೇಳು."

ಆ ಹೊತ್ತಿನಲ್ಲಿ ಪದ್ಧತಿ ಯಾರಿಗೆ ಬೇಕು? ಅಣ್ಣ ಹೇಳಿದ. "ಕರಿ ಬಂಡೆ. ಪಕ್ಕದಲ್ಲಿ ಬಾಗಿದ ಮರ ಇದೆ ನೋಡು."

ತಮ್ಮ ತಲೆ ಎತ್ತಿದ. ಎದುರು ದಡದಲ್ಲಿ ಎಷ್ಟೋ ಕರಿ ಬಂಡೆಗಳಿದ್ದವು. ಬಾಗಿದ ಮರಗಳೂ ಎಷ್ಟೋ ಇದ್ದವು. ಬುದ್ಧಿ ಬಂದಾಗಿನಿಂದ ಅವನು ಆ ಹೊಳೆಯನ್ನು ದಾಟುತ್ತಲೇ ಬಂದಿದ್ದ. ಆದರೆ ಎದುರು ದಡವನ್ನು ಒಂದು ದಿನವೂ ನೋಡಿರಲಿಲ್ಲ.

ಕೊನೆಗೆ ಒಂದು ಬಂಡೆಯನ್ನು ಊಹಿಸಿಕೊಂಡು ಹೊರಟ. ಅದೇ ಸರಿಯಾದ ಬಂಡೆಯಾಗಿದ್ದಿರಲೂಬಹುದು. ಆದರೆ ಅಣ್ಣನದು ಬಲಗೈ, ಇವನದು ಎಡಗೈ. ಹರಿಗೋಲು ಬಂಡೆಯ ನೇರದಿಂದ ಜಾರುತ್ತಾ ಜಾರುತ್ತಾ ಕಡವನ್ನು ದಾಟಿಹೋಯಿತು. ದೂರದ ತಿರುವಿನಲ್ಲಿ, ಹೊಳೆಗೇ ಬೇಸರ ಬಂದಂತೆ, ಅದು ಆಚೆ ದಡದ ಮುಳ್ಳಿನ ಪೊದೆಗೆ ಹೋಗಿ ತಗುಲಿತು. ಅಲ್ಲಿಂದ ತಮ್ಮ ಅಣ್ಣನನ್ನು ಬೆನ್ನ ಮೇಲೆ ಹೊತ್ತುಕೊಂಡು, ಕೆಸರಿನಲ್ಲಿ ಹೂತು, ಎದ್ದು, ಬಂದ ದೂರವನ್ನೆಲ್ಲ ಹಿಂದಕ್ಕೆ ನಡೆದ. ಅತ್ತಿಗೆ ಅಳುತ್ತಾ ಹಿಂದೆ ಬಂದಳು.

ವೈದ್ಯ ನೋಡಿದ. ಕಟ್ಟು ಕಟ್ಟಿದ, ಅರೆದ, ಕುಡಿಸಿದ. ಅಣ್ಣ ಬದುಕಿಕೊಂಡ. ಬಲಗೈ ಮಾತ್ರ ಬದುಕಲಿಲ್ಲ. ನಂಜಿಗೆ ಒಣಗಿ, ತೋಳಿನಿಂದ ಸುಮ್ಮನೆ ಜೋತುಬಿತ್ತು.

"ನೆಟ್ಟಗೆ ಬಂದಿದ್ದರೆ ಕೈಯೂ ಉಳಿಯುತ್ತಿತ್ತು," ಎಂದ ವೈದ್ಯ. ಕೆಟ್ಟದ್ದಕ್ಕೆ ಹೇಳಿದ್ದಲ್ಲ. ಇದ್ದದ್ದನ್ನು ಹೇಳಿದ.

ಇಡೀ ಊರು ತಮ್ಮನನ್ನು ಸಮಾಧಾನ ಮಾಡಿತು. ನಿನ್ನ ತಪ್ಪೇನೂ ಇಲ್ಲ, ಹೊಳೆ ಹಾಗಿತ್ತು ಎಂದರು. ಅಣ್ಣನೂ ಹಾಗೇ ಹೇಳಿದ. ಅತ್ತಿಗೆ ಗಂಡನಿಗೆ ತುತ್ತು ಕಲಸಿ ಕೊಡುವಾಗ ತಮ್ಮ ಅಲ್ಲಿಂದ ಎದ್ದು ಹೋಗುತ್ತಿದ್ದ.

ಹೊಳೆ ಇಳಿಯಿತು. ಕಡವಿಗೆ ಜನ ಬರತೊಡಗಿದರು. ಆ ಬೆಳಿಗ್ಗೆ ತಮ್ಮ ದಡದಲ್ಲಿ ಹೋಗಿ ಕೂತ. ಹುಡುಗನಾಗಿದ್ದಾಗ ಎಲ್ಲಿ ಕೂರಿಸಿದ್ದರೋ ಅಲ್ಲೇ. ಅತ್ತಿಗೆ ಬುತ್ತಿ ತಂದಿಟ್ಟಳು. ಅವನು ಬಿಚ್ಚಲಿಲ್ಲ.

ಬಳೆಗಾರ್ತಿ ಬುಟ್ಟಿ ಹೊತ್ತು ಬಂದಳು. "ಏನಪ್ಪಾ, ಹೊಳೆ ದಾಟಿಸ್ತೀಯೋ, ಹೊಳೆ ಕಾಯ್ತೀಯೋ?"

"ಸ್ವಲ್ಪ ತಾಳು ಅಕ್ಕಾ. ಆ ದಡ ನೋಡ್ತಾ ಇದೀನಿ."

"ಅದೇನು ನಿನ್ನೆ ಮೊನ್ನೆ ಬಂದ ದಡವೇ?"

"ನನಗೆ ಹೌದು," ಎಂದ.

ಬಳೆಗಾರ್ತಿ ಬುಟ್ಟಿ ಇಳಿಸಿ ದೂರದಲ್ಲಿ ಕೂತಳು. ಅವಳ ಹಿಂದೆ ಬಂದವರೂ ಕೂತರು. ಹೊತ್ತು ಏರಿತು, ಇಳಿಯಿತು. ಆಮೇಲೆ ಅವನು ಎದ್ದ. ಒಬ್ಬನೇ ಹೊಳೆ ದಾಟಿದ. ಆಚೆ ದಡದಲ್ಲಿ ಏನನ್ನೋ ಬಾಗಿ ಮುಟ್ಟಿದ. ಅಷ್ಟು ದೂರಕ್ಕೆ ಅದು ಏನೆಂದು ಯಾರಿಗೂ ಕಾಣಲಿಲ್ಲ. ಬಂದು ಬುತ್ತಿ ಬಿಚ್ಚಿ ಉಂಡ. ಉಂಡಮೇಲೆ, "ಬನ್ನಿ, ಹತ್ತಿ" ಎಂದ.

ಒಂದು ದಿನ ಅಣ್ಣನಿಗೆ ಆಚೆ ದಡಕ್ಕೆ ಹೋಗುವ ಕೆಲಸ ಬಿತ್ತು. ಜೋತ ಕೈಯನ್ನು ಹೆಗಲ ಮೇಲಿನ ವಲ್ಲಿಯಲ್ಲಿ ಕಟ್ಟಿಕೊಂಡು ಬಂದ. ತಮ್ಮ ಎದುರಿಗೆ ಜಾಗ ಮಾಡಿ, ಗೋಣಿ ಮಡಿಸಿ ಹಾಸಿದ.

"ಇಲ್ಲಿ ಕೂತುಕೋ ಅಣ್ಣಾ. ಮುಂದೆ."

ಅಣ್ಣ ಹರಿಗೋಲು ಹತ್ತಿದ. ಹಾಸಿದ ಗೋಣಿಯನ್ನು ಎಡಗೈಯಲ್ಲಿ ಎತ್ತಿಕೊಂಡ. ತಮ್ಮನನ್ನು ದಾಟಿ ಹೋಗಿ ಅವನ ಬೆನ್ನ ಹಿಂದೆ ಹಾಸಿಕೊಂಡು ಕೂತ.

"ಬೇಡಪ್ಪಾ. ಮುಂದೆ ಕೂತರೆ ಮತ್ತೆ ನನ್ನನ್ನೇ ನೋಡ್ತೀಯ."

ತಮ್ಮ ಹುಟ್ಟು ಹಾಕಿದ. ಹರಿಗೋಲು ನೆಟ್ಟಗೆ ಹೋಯಿತು.

*

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು. ಮರುಳಯ್ಯನಿಗೆ ಕತೆ ಮುಗಿಯಿತೋ ಇಲ್ಲವೋ ತಿಳಿಯಲಿಲ್ಲ.

"ತಮ್ಮ ಹಿಡಿದ ಗುರುತು ಯಾವುದು, ಗುರುಗಳೇ?" ಎಂದು ಕೇಳಿದ.

"ಅವನು ಯಾರಿಗೂ ಹೇಳಲಿಲ್ಲ. ಅಣ್ಣನೂ ಕೇಳಲಿಲ್ಲ."

ಮರುಳಯ್ಯ ಹೊರಗೆ ನೋಡಿದ. ಕತ್ತಲಾಗಿತ್ತು. ಅವನು ಎದ್ದ. ಮಂಟಪದ ಮೂಲೆ ಗುಡಿಸಿದ, ಗುರುಗಳ ಚಾಪೆ ಎತ್ತಿಕೊಂಡ. ಕೈಗೆ ಚಾಪೆ ಬಂದೊಡನೆ, ವರ್ಷಗಳ ರೂಢಿ ನೋಡಿ, ಆ ಪ್ರಶ್ನೆ ತಾನಾಗಿಯೇ ಬಾಯಿಗೆ ಬಂತು.

"ನಾಳೆ ಎಲ್ಲಿಗೆ ಹೊರಡೋಣ, ಗುರುಗಳೇ?"

ಗುರುಗಳು ತಮ್ಮ ಊರುಗೋಲನ್ನು ಎತ್ತಿ ಮರುಳಯ್ಯನ ಗಂಟಿನ ಪಕ್ಕಕ್ಕೆ ಒರಗಿಸಿದರು.

"ಅದನ್ನು ನೀನು ಹೇಳಬೇಕು, ಮರುಳಯ್ಯ. ನಾಳೆಯಿಂದ ನಾನು ನಿನ್ನ ಹಿಂದೆ ನಡೆಯುತ್ತೇನೆ."

ಮರುಳಯ್ಯ ಚಾಪೆ ಹಿಡಿದುಕೊಂಡು ನಿಂತೇ ಇದ್ದ.