ನೀಲಿ ಹೊಡೆದ ಸೀರೆ

ಇಳಕಲ್ಲಿನ ಸೀರೆ ಅಂಗಡಿಯೊಂದರಲ್ಲಿ ಒಂದು ಎಲ್‌ಇಡಿ ಬಲ್ಬಿತ್ತು. ಅದರೊಳಗೆ ಉರಿಯುತ್ತಿದ್ದುದು ನೀಲಿ ದೀಪ. ದೀಪದ ಮುಂದಿನ ತೆಳು ಪರದೆಗೆ ಹಚ್ಚಿದ್ದ ಬಣ್ಣವು ಆ ನೀಲಿಯಲ್ಲಿ ಮುಕ್ಕಾಲು ಪಾಲನ್ನು ನುಂಗಿ, ಹಳದಿ, ಕೆಂಪು ಬೆಳಕಾಗಿಸಿ ಹೊರಗೆ ಬಿಡುತ್ತಿತ್ತು. ಉಳಿದ ನೀಲಿ ಅದರೊಡನೆ ಬೆರೆತು ಅಂಗಡಿಯೊಳಗೂ ಬಿಸಿಲಿನಂಥ ಬೆಳಕು.

“ಅಣ್ಣಾ, ಸ್ವಲ್ಪ ಮೆಲ್ಲಗೆ ಉರಿ,” ಎಂದಿತು ಬಣ್ಣ. “ನಿನ್ನ ಬೆಳಕನ್ನು ನುಂಗಿ ನುಂಗಿ ಸಾಕಾಗಿದೆ. ದಿನಾ ಒಂದಿಷ್ಟು ಮಾಸುತ್ತಿದ್ದೇನೆ.”

“ಬೆಳಕು ನನ್ನದು, ನೀನು ಅಡ್ಡ ನಿಂತವನು,” ಎಂದಿತು ನೀಲಿ. “ನೀನು ತೊಲಗಿದರೆ ಜನ ನನ್ನ ಮುಖ ನೋಡಿಯಾರು.”

ಬಣ್ಣ ಕೆಲಸ ಮಾಡುತ್ತಲೇ ಇತ್ತು, ಮಾಸುತ್ತಲೇ ಹೋಯಿತು; ಅದು ಮಾಸಿದಷ್ಟೂ ನೀಲಿ ಹೆಚ್ಚು ಹೊರಬಿತ್ತು.

ಒಂದು ದಿನ ಗೌರವ್ವ ಅಂಗಡಿಗೆ ಬಂದು ಮಗಳ ಮದುವೆಗೆ ಕುಂಕುಮದ ಬಣ್ಣದ ಸೀರೆ ಕೇಳಿದಳು. ಅಂಗಡಿಯ ಸಂಗಪ್ಪ ಒಂದನ್ನು ಬಿಚ್ಚಿ ಹಾಸಿದ.

“ಕುಂಕುಮ ಕೇಳಿದ್ರ ಬದನಿಕಾಯಿ ಬಣ್ಣದ್ದು ತೋರಸ್ತೀರಲ್ರೀ!” ಎಂದು ಆಕೆ ಸಿಡುಕಿದಳು.

ಸಂಗಪ್ಪ ಸೀರೆಯನ್ನು ಬಾಗಿಲಾಚೆ ಒಯ್ದು ಬಿಸಿಲಿಗೆ ಹಿಡಿದ. ಅಪ್ಪಟ ಕುಂಕುಮ. ಒಳಗೆ ತಂದ. ಮತ್ತೆ ಬದನೆಕಾಯಿ. ಆತ ತಲೆಯೆತ್ತಿ ಬಲ್ಬನ್ನು ನೋಡಿದ; ಅದು ನೀಲಿ ಹೊಡೆಯುತ್ತಿತ್ತು.

“ತಪ್ಪು ಸೀರೀದಲ್ಲರೀ ಅಕ್ಕಾರ, ಬಲ್ಬ್ ಕೆಟ್ಟೈತಿ,” ಎಂದವನೇ ಅದನ್ನು ಕಳಚಿ ಕಸದ ಬುಟ್ಟಿಗೆ ಹಾಕಿದ.

“ನಾನು ಚೆನ್ನಾಗೇ ಉರಿಯುತ್ತಿದ್ದೆನಲ್ಲ!” ಎಂದು ಬುಟ್ಟಿಯೊಳಗಿಂದ ನೀಲಿ ಕೂಗಿತು. “ಅವನು ನನ್ನ ಮುಖವನ್ನೇ ನೋಡಲಿಲ್ಲವೇ?”

“ನೋಡಿದನಣ್ಣಾ,” ಎಂದಿತು ಬಣ್ಣ. “ಇವತ್ತೇ ಮೊದಲ ಸಲ ನೋಡಿದ.”